ಷಟ್ಪದಿ ಎಣಿಸಲು ಯಾವ ಭಾಷೆ?

ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವವರಿಗೆ ಭಾಷೆ ಯಾವುದು, ಆಪರೇಟಿಂಗ್ ಸಿಸ್ಟಂ ಯಾವುದು ಎಂದು ಆಫೀಸೇ ಹೇಳಿಬಿಡುತ್ತದೆ. ಹವ್ಯಾಸಿಗೆ ಹೇಳುವವರಿಲ್ಲ. ರಾತ್ರಿ ಊಟವಾದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಅರ್ಧ ‘ಯಾವುದು ಮೇಲು’ ಎಂಬ ಜಿಜ್ಞಾಸೆಗೇ ಹೋಗುತ್ತದೆ. ಒಂದು ನಿಜವಾದ ಕೆಲಸ ಕೊಟ್ಟು ನೋಡಿದರೆ ಈ ಜಿಜ್ಞಾಸೆ ಬೇಗ ಬಗೆಹರಿಯುತ್ತದೆ. ನಾನು ಕೊಟ್ಟದ್ದು ಪ್ರಸ್ತಾರ ಹಾಕುವ ಕೆಲಸ: ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ 14 ಮಾತ್ರೆ, ಮೂರನೆಯದರಲ್ಲಿ 23 ಇದೆಯೇ ಎಂದು ಎಣಿಸಬೇಕು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ಉದ್ದ ಎಷ್ಟೆಂದು ಕೇಳಿದರೆ ಸಿ ಭಾಷೆ 15 ಎನ್ನುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅದು ಎಣಿಸುವುದು ಬೈಟುಗಳನ್ನು. ಪೈಥಾನ್ 3ರ ಉತ್ತರ 5: ಕ, ನ, ಹಲಂತ ಚಿಹ್ನೆ, ನ, ಡ. ಶಾಲೆಯ ಮಗು ಮೂರು ಎನ್ನುತ್ತದೆ, ಛಂದಸ್ಸಿಗೆ ಬೇಕಾದದ್ದೂ ಅದೇ. ಐದರಿಂದ ಮೂರಕ್ಕೆ ಬರಲು ಹೆಚ್ಚು ಪಾಡಿಲ್ಲ. ಹಲಂತ ಕಂಡರೆ ಮುಂದಿನ ವ್ಯಂಜನವನ್ನು ಒತ್ತಾಗಿ ಸೇರಿಸು, ಒತ್ತಕ್ಷರದ ಹಿಂದಿನದನ್ನು ಗುರು ಎಂದು ಗುರುತಿಸು. ಗುರು, ಲಘು, ಲಘು, ನಾಲ್ಕು ಮಾತ್ರೆ. ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿ ಹಿಂದಿನದನ್ನು ಲಘುವಾಗಿಯೇ ಉಳಿಸುವ ಶಿಥಿಲದ್ವಿತ್ವ ಬಂದಾಗ ಪ್ರೋಗ್ರಾಂ ಎಡವುತ್ತದೆ, ನಿಜ. ಆದರೆ ಅದನ್ನು ಹಿಡಿಯಬೇಕಾದದ್ದು ಕಿವಿ. ಪೈಥಾನನ್ನು ದೂರಿ ಫಲವಿಲ್ಲ. ಸಿ ಭಾಷೆಯಲ್ಲೂ ಇದನ್ನೆಲ್ಲ ಮಾಡಬಹುದು. ಆದರೆ ಮೊದಲ ಸಂಜೆಯೆಲ್ಲ ಬೈಟು ಬಿಡಿಸುವುದರಲ್ಲೇ ಕಳೆದೀತು.

ಪೈಥಾನ್ ಹುಟ್ಟಿದ್ದೂ ಬಿಡುವಿನ ವೇಳೆಯಲ್ಲೇ. 1989ರ ಕ್ರಿಸ್‌ಮಸ್ ರಜೆಯಲ್ಲಿ ಗೈಡೊ ವಾನ್ ರಾಸಮ್ ಅದನ್ನು ಕೈಗೆತ್ತಿಕೊಂಡರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಮ್ಮ ಆಪರೇಟಿಂಗ್ ಸಿಸ್ಟಂ ಲಿನಕ್ಸನ್ನು ಲೋಕಕ್ಕೆ ಪರಿಚಯಿಸಿದ್ದೂ ಹವ್ಯಾಸವೆಂದೇ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಂತಿತು. 11ಕ್ಕೆ ಏರಲಾಗದ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಲಿನಕ್ಸ್ ಮಿಂಟ್ ಹಾಕಿ. ಪೈಥಾನ್ ಅದರಲ್ಲೇ ಬಂದಿರುತ್ತದೆ.

ಪೈಥಾನ್, ಲಿನಕ್ಸ್ ಜೋಡಿಗೂ ಕುಂದುಗಳಿವೆ. ಈಗಿನ ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಪೈಥಾನ್‌ನ ಪಿಪ್ ಎಂಬ ಸಾಧನದಿಂದ ಹೊರಗಿನ ಲೈಬ್ರರಿಯನ್ನು ನೇರವಾಗಿ ಹಾಕಹೋದರೆ ‘ಸಿಸ್ಟಂನ ಪೈಥಾನ್ ಮುಟ್ಟಬೇಡ’ ಎಂಬರ್ಥದ ತಕರಾರು ಬರುತ್ತದೆ. ಬೇರೆಯೇ ಒಂದು ವರ್ಚುವಲ್ ಎನ್ವಿರಾನ್ಮೆಂಟ್ ಕಟ್ಟಿಕೊಳ್ಳಬೇಕು. ಹೊಸಬರು ಇಲ್ಲೇ ಕೈಚೆಲ್ಲುತ್ತಾರೆ. ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ನೆಟ್ಟಗೆ ಕೂರುವುದಿಲ್ಲ. ದೊಡ್ಡ ಕುಂದೆಂದರೆ ಹಂಚಿಕೆಯದು. ನನ್ನ ಪ್ರೋಗ್ರಾಂ ಕಂಡ ಕನ್ನಡ ಮೇಷ್ಟ್ರೊಬ್ಬರು ‘ನನ್ನ ಫೋನಿಗೂ ಹಾಕಿಕೊಡಪ್ಪ’ ಎಂದರು. ಕೊಡುವ ಸುಲಭದ ದಾರಿ ಪೈಥಾನ್‌ನಲ್ಲಿ ಇರಲಿಲ್ಲ. ಅದೇ ತರ್ಕವನ್ನು ಜಾವಾಸ್ಕ್ರಿಪ್ಟ್‌ಗೆ ಇಳಿಸಿ ಒಂದೇ ಪುಟ ಮಾಡಿದೆ. ಅದೂ ‘ಕನ್ನಡ’ಕ್ಕೆ 5 ಎಂದೇ ಎಣಿಸುತ್ತದೆ. ಬ್ರೌಸರ್‌ನಲ್ಲಿ ಒತ್ತಕ್ಷರವೂ ಸರಿಯಾಗಿ ಕೂತಿತು, ವಿಂಡೋಸೋ ಲಿನಕ್ಸೋ ಎಂಬ ಪ್ರಶ್ನೆಯೂ ಉಳಿಯಲಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಬಳಸುವವರು ನೀವೊಬ್ಬರೇ ಆದರೆ ಪೈಥಾನ್, ಇರುವ ಯಂತ್ರದಲ್ಲೇ. ಇನ್ನೊಬ್ಬರ ಕೈಗೆ ಕೊಡುವುದಾದರೆ ಜಾವಾಸ್ಕ್ರಿಪ್ಟ್. ಯಂತ್ರದ ಒಳಗನ್ನೇ ಅರಿಯುವ ಹಂಬಲವಿದ್ದರೆ ಮಾತ್ರ ಸಿ. ಮಾಡಲು ಕೆಲಸವೇ ಇಲ್ಲದಿದ್ದರೆ ಯಾವುದನ್ನೂ ಹಾಕಿಕೊಳ್ಳಬೇಡಿ, ಮೊದಲು ಕೆಲಸ ಹುಡುಕಿಕೊಳ್ಳಿ.