ಬೆನ್ನು ತಿರುಗಿಸಿ ನಿಂತ ಸಲೋಮೆ

ಯೂಕಿ ಕಿಹಾರಾ ಅವರ ‘ಪ್ಯಾರಡೈಸ್ ಕ್ಯಾಂಪ್’ ಬಗ್ಗೆ ನಾನು ಓದಿದ್ದೆಲ್ಲ ಹೊಗಳಿಕೆಯೇ. ಹೊಗಳಿಕೆಗೆ ಕಾರಣವೂ ಇದೆ. ಸಮೋವಾದ ತಾಯಿ, ಜಪಾನಿನ ತಂದೆ. ಸ್ವತಃ ಫಾಅಫಾಫಿನೆ, ಅಂದರೆ ಗಂಡಾಗಿ ಹುಟ್ಟಿ ‘ಹೆಣ್ಣಿನ ರೀತಿಯಲ್ಲಿ’ ಬದುಕುವವರು. (ನಮ್ಮ ಜೋಗಪ್ಪಗಳ ಹಾಗೆ ಎಂದು ಥಟ್ಟನೆ ಹೇಳಿ ಮುಗಿಸಬೇಡಿ, ಅಲ್ಲಿ ಯಲ್ಲಮ್ಮನೂ ಇಲ್ಲ, ಮುತ್ತು ಕಟ್ಟುವುದೂ ಇಲ್ಲ.) ಇಂಥವರು 2022ರ ವೆನಿಸ್ ಬಿನಾಲೆಯಲ್ಲಿ ನ್ಯೂಜಿಲೆಂಡನ್ನು ಪ್ರತಿನಿಧಿಸಿದ್ದು ಅದೇ ಮೊದಲು. 1914ರಿಂದ 1962ರವರೆಗೆ ಸಮೋವಾವನ್ನು ಆಳಿದ್ದೂ ಇದೇ ನ್ಯೂಜಿಲೆಂಡ್.

ಸರಣಿಯಲ್ಲಿ ಹನ್ನೆರಡು ಫೋಟೊಗಳಿವೆ. ಪಾಲ್ ಗೋಗ್ಯಾಂನ ವರ್ಣಚಿತ್ರಗಳನ್ನು ಉಪೋಲು ದ್ವೀಪದಲ್ಲಿ, ಸುಮಾರು ನೂರು ಜನರ ತಂಡ ಕಟ್ಟಿಕೊಂಡು, ಫಾಅಫಾಫಿನೆಗಳನ್ನೇ ನಿಲ್ಲಿಸಿ ಮತ್ತೆ ತೆಗೆದಿದ್ದಾರೆ. ಕಿಹಾರಾ ಅವರ ವಾದ ಸ್ವಾರಸ್ಯವಾಗಿದೆ: ಗೋಗ್ಯಾಂ ಸಮೋವಾಕ್ಕೆ ಕಾಲಿಟ್ಟವನೇ ಅಲ್ಲ, ಆದರೂ ಅವನ ಕೆಲವು ‘ಟಹೀಟಿ’ ಚಿತ್ರಗಳ ಹಿಂದೆ ಥಾಮಸ್ ಆಂಡ್ರೂನಂಥವರು ಸಮೋವಾದಲ್ಲಿ ತೆಗೆದ ಫೋಟೊಗಳಿವೆ. ಆ ಕಾಲದ ಸ್ಟುಡಿಯೊಗಳಲ್ಲಿ ಹೆಂಗಸರ ರವಿಕೆ ಕಳಚಿಸಿ, ಹುಲ್ಲಿನ ಲಂಗ ಉಡಿಸಿ, ಪೋಸ್ಟ್‌ಕಾರ್ಡ್ ಮಾಡಿ ಯುರೋಪಿಗೆ ಮಾರುತ್ತಿದ್ದರು. ಮಿಷನರಿಗಳು 1830ರಲ್ಲೇ ಬಂದಿದ್ದರು. ಅದೇ ಹೆಂಗಸರು ಭಾನುವಾರ ಮೈತುಂಬ ಬಟ್ಟೆ ತೊಟ್ಟು ಚರ್ಚಿಗೆ ಹೋಗುತ್ತಿದ್ದರು. ನಮ್ಮ ಅಂಡಮಾನಿನಲ್ಲಿ ಎಂ. ವಿ. ಪೋರ್ಟ್‌ಮನ್ ಎಂಬ ಬ್ರಿಟಿಷ್ ಅಧಿಕಾರಿ 1890ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದ. ಅಲ್ಲಿ ಮೈ ಮಾರಾಟದ ಸರಕು, ಇಲ್ಲಿ ಅಳತೆಯ ವಸ್ತು.

ಇಷ್ಟೆಲ್ಲ ಒಪ್ಪಿಕೊಂಡೂ ನನಗೊಂದು ತಕರಾರಿದೆ. ಈ ಹನ್ನೆರಡು ಚಿತ್ರಗಳ ಬಣ್ಣ ಟೂರಿಸಂ ಕರಪತ್ರದ ಬಣ್ಣವೇ. ಅದು ಅಣಕ ಎಂಬುದು ಸರಿ. ವೆನಿಸ್ಸಿನಲ್ಲಿ ಅವುಗಳ ಹಿಂದಿನ ಗೋಡೆಯ ತುಂಬ 2009ರ ಸುನಾಮಿಯಲ್ಲಿ ಹಾಳಾದ ಕರಾವಳಿಯ ಚಿತ್ರ ಅಂಟಿಸಿದ್ದರು. ಅಣಕಕ್ಕೆ ಮೊನಚು ಬರುವುದೇ ಅಲ್ಲಿ. ಆದರೆ ಫೋಟೊ ಗೋಡೆಯನ್ನು ಹೊತ್ತುಕೊಂಡು ತಿರುಗುವುದಿಲ್ಲ. ನನ್ನಂತೆ ವೆನಿಸ್ಸಿಗೆ ಹೋಗದೆ ಲ್ಯಾಪ್‌ಟಾಪಿನಲ್ಲಿ ನೋಡುವವನ ಪಾಲಿಗೆ ಉಳಿಯುವುದು ತೆಂಗು, ಹೂವು, ಚೆಂದದ ಮೈಗಳು. ಪೋಸ್ಟ್‌ಕಾರ್ಡನ್ನು ಗೇಲಿ ಮಾಡಲು ಹೊರಟದ್ದು ಇನ್ನೊಂದು ಪೋಸ್ಟ್‌ಕಾರ್ಡಾಗಿ ಚಲಾವಣೆಯಾಗುತ್ತದೆ.

ಹಾಗಾಗಿ ನನಗೆ 2013ರ ಸರಣಿಯೇ ದೊಡ್ಡದಾಗಿ ಕಾಣುತ್ತದೆ. ಅದರ ಹೆಸರೂ ಗೋಗ್ಯಾಂನದೇ: ‘ನಾವು ಎಲ್ಲಿಂದ ಬಂದೆವು? ನಾವು ಏನು? ಎಲ್ಲಿಗೆ ಹೊರಟೆವು?’ ಕಿಹಾರಾ ತಾವೇ ಸಲೋಮೆ ಎಂಬ ಪಾತ್ರವಾಗಿ, ವಿಕ್ಟೋರಿಯಾ ಕಾಲದ ಕಪ್ಪು ಶೋಕದ ಉಡುಪು ತೊಟ್ಟಿದ್ದಾರೆ. ಆಂಡ್ರೂ 1886ರಲ್ಲಿ ತೆಗೆದ ಒಂದು ಫೋಟೊದಿಂದ ಬಂದ ಉಡುಪು ಅದು. 2012ರ ಡಿಸೆಂಬರಿನಲ್ಲಿ ಇವಾನ್ ಚಂಡಮಾರುತ ಅಪ್ಪಳಿಸಿದ ಮೇಲೆ ಸಲೋಮೆ ಊರೂರು ಸುತ್ತುತ್ತಾಳೆ. ಬಹುತೇಕ ಚಿತ್ರಗಳಲ್ಲಿ ನಮಗೆ ಬೆನ್ನು. ಮುಖ ಸಿಗದ ಕಣ್ಣು ಅವಳು ನೋಡುತ್ತಿರುವ ಕಡೆಗೇ ಹೋಗಬೇಕು: ಸುನಾಮಿ ನುಂಗಿದ ಹಳ್ಳಿ, ಜರ್ಮನರು ನೆಟ್ಟ ಸ್ಮಾರಕ, ಚೀನಾದ ಹಣದಲ್ಲಿ ಎದ್ದ ಈಜುಕೊಳ, ವಿಮಾನ ನಿಲ್ದಾಣ. ಸಮೋವಾದವರು ದೇಶ ಬಿಟ್ಟು ಕೆಲಸಕ್ಕೆ ಹೋಗುವುದು ಆ ನಿಲ್ದಾಣದಿಂದಲೇ. ಊರು ಬಿಟ್ಟು ಬಂದ ನಮಗೆ ಆ ಚಿತ್ರವನ್ನು ಯಾರೂ ವಿವರಿಸಬೇಕಿಲ್ಲ.

ಒಂದು ಚಿತ್ರ ವಾಯ್‌ಮೊಸೊ ಎಂಬಲ್ಲಿಯದು. ಎದುರಿಗಿರುವುದು ಮಂಟಪದಂಥ ಕಟ್ಟಡ, ಮೌ ಚಳವಳಿಯ ಕಚೇರಿ. ಸ್ವರಾಜ್ಯ ಕೇಳಿ ಶಾಂತಿಯುತವಾಗಿ ಮೆರವಣಿಗೆ ಹೊರಟ ಮೌ ಜನರ ಮೇಲೆ 1929ರ ಡಿಸೆಂಬರ್ 28ರಂದು ನ್ಯೂಜಿಲೆಂಡಿನ ಪೊಲೀಸರು ಗುಂಡು ಹಾರಿಸಿದರು; ನಾಯಕ ಟುಪುವಾ ಟಮಸೆಸೆ ಸತ್ತರು. ಚಿತ್ರದಲ್ಲಿ ರಕ್ತವಿಲ್ಲ, ಘೋಷಣೆಯಿಲ್ಲ. ಕಪ್ಪು ಬಟ್ಟೆಯವಳೊಬ್ಬಳು ನಿಂತಿದ್ದಾಳೆ, ಅಷ್ಟೆ. ‘ನಿರ್ವಸಾಹತೀಕರಣ’ ಎಂದು ನಾವು ಸೆಮಿನಾರುಗಳಲ್ಲಿ ಬಾಯ್ತುಂಬ ಹೇಳುವ ಮಾತು ನನಗೆ ಸ್ವಲ್ಪ ಮಟ್ಟಿಗಾದರೂ ಅರ್ಥವಾದದ್ದು ಇದರ ಮುಂದೆ.

ಆಮೇಲೆ ಹ್ಯಾವ್‌ಲಾಕಿಗೆ (ಈಗ ಸ್ವರಾಜ್ ದ್ವೀಪ) ಹೋಗಿಬಂದ ನಮ್ಮ ಫೋಟೊಗಳನ್ನು ತೆಗೆದು ನೋಡಿದೆ. ಮುನ್ನೂರು ಚಿಲ್ಲರೆ. ಎಲ್ಲದರಲ್ಲೂ ನಾವೇ ಕ್ಯಾಮೆರಾ ನೋಡುತ್ತಿದ್ದೇವೆ. ನಾಲ್ಕು ದಿನ ನಮ್ಮನ್ನು ಸುತ್ತಾಡಿಸಿದ ಡ್ರೈವರ್ ಒಂದರಲ್ಲೂ ಇಲ್ಲ. ಆ ಫೋಟೊಗಳಲ್ಲಿ ಅರ್ಧ ಅವನೇ ತೆಗೆದುಕೊಟ್ಟದ್ದು.

ಮನೆಯಲ್ಲಿ ನನ್ನ ತೀರ್ಪಿಗೆ ಒಪ್ಪಿಗೆ ಸಿಕ್ಕಿಲ್ಲ. ನನ್ನ ಹೆಂಡತಿ ‘ಪ್ಯಾರಡೈಸ್ ಕ್ಯಾಂಪ್’ ಪಕ್ಷ. “ಅವರು ಎಷ್ಟು ಖುಷಿಯಾಗಿ ಮೆರೀತಿದ್ದಾರೆ ನೋಡ್ರಿ. ನಿಮಗೆ ಒಳ್ಳೆ ಕಲೆ ಅನ್ನಿಸ್ಬೇಕು ಅಂದ್ರೆ ಅವರು ಯಾವಾಗಲೂ ಕಪ್ಪು ಬಟ್ಟೆ ಹಾಕ್ಕೊಂಡು ಅಳ್ತಾನೇ ಇರಬೇಕಾ?” ಎಂದಳು. ಸುನಾಮಿಯ ಗೋಡೆಯ ಮಾತು ತೆಗೆದೆ. ಆ ಗೋಡೆಯ ಮುಂದೆಯೂ ಮೆರೆಯುತ್ತಿರುವುದೇ ವಿಶೇಷ ಅಲ್ವಾ, ಅಂದಳು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಆದರೂ ನಮ್ಮ ಗೋಡೆಗೆ ಒಂದೇ ಚಿತ್ರ ಎಂದಾದರೆ ನಾನು ವಾಯ್‌ಮೊಸೊದ್ದನ್ನೇ ಕೇಳುತ್ತೇನೆ.