ಕ್ಲೋಸ್ ಬರೆದರೆ ಸಾಕೇ?

ಜಾವಾದಲ್ಲಿ ಡೇಟಾಬೇಸ್ ಕನೆಕ್ಷನ್ ತೆರೆದವರು ಅದನ್ನು ಫೈನಲಿಯೊಳಗೆ ತಾವೇ ಮುಚ್ಚಬೇಕಾಗಿದ್ದ ಕಾಲ ಸುಖದ್ದೇನಲ್ಲ. ರಿಸಲ್ಟ್‌ಸೆಟ್, ಸ್ಟೇಟ್‌ಮೆಂಟ್, ಕನೆಕ್ಷನ್ ಮೂರಕ್ಕೂ ಒಂದೊಂದು ನಲ್ ಪರೀಕ್ಷೆ, ಒಂದೊಂದು ಒಳಟ್ರೈ. ಅಷ್ಟು ಬರೆಯಲು ಬೇಸರಪಟ್ಟವರ ಕೋಡಿನಲ್ಲಿ ಮೊದಲನೆಯದರ ಕ್ಲೋಸ್ ಎಕ್ಸೆಪ್ಷನ್ ಎಸೆದರೆ ಉಳಿದೆರಡು ತೆರೆದೇ ಇರುತ್ತಿದ್ದವು. ಮೂಲ ದೋಷ ಯಾವುದೆಂಬುದೂ ಮರೆಯಾಗುತ್ತಿತ್ತು. ಇದು ಹೊಸಬರ ಎಡವಟ್ಟು ಮಾತ್ರ ಎನ್ನುವ ಹಾಗಿಲ್ಲ: 2007ರಲ್ಲಿ ಜಾವಾದ ಸ್ವಂತ ಲೈಬ್ರರಿಗಳಲ್ಲೇ ಕ್ಲೋಸ್ ಬಳಕೆಯ ಮೂರರಲ್ಲಿ ಎರಡು ಪಾಲು ತಪ್ಪಾಗಿತ್ತು ಎಂದು ಜೋಶುವಾ ಬ್ಲಾಕ್ ಬರೆದಿದ್ದಾರೆ.

2011ರ ಜಾವಾ 7ರಲ್ಲಿ ಬಂದ ಟ್ರೈ-ವಿತ್-ರಿಸೋರ್ಸಸ್ ಅವರದೇ ಪ್ರಸ್ತಾವದ ಫಲ. ಆವರಣದಲ್ಲಿ ಘೋಷಿಸಿದ್ದೆಲ್ಲ ಕೊನೆಯಿಂದ ಮೊದಲಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚುವಾಗ ಹುಟ್ಟಿದ ಎಕ್ಸೆಪ್ಷನ್ ಮೂಲದ್ದನ್ನು ನುಂಗದೆ, ಸಪ್ರೆಸ್ಡ್ ಎಂಬ ಹಣೆಪಟ್ಟಿಯೊಂದಿಗೆ ಅದರ ಬೆನ್ನಿಗೇ ಬರುತ್ತದೆ. ನಡುರಾತ್ರಿ ಲಾಗ್ ಓದಿದವರಿಗೆ ಇದರ ಬೆಲೆ ಗೊತ್ತು. ನನಗಂತೂ ಇಡೀ ಸೌಲಭ್ಯದಲ್ಲಿ ಹೆಚ್ಚು ಹಿಡಿಸಿದ್ದು ಇದೇ.

ಆದರೂ ಸಂದಿಗಳಿವೆ. ಕನೆಕ್ಷನ್ನಿಗೆ ಪ್ರತ್ಯೇಕ ಹೆಸರಿಡದೆ, ಗೆಟ್‌ಕನೆಕ್ಷನ್ ಮುಂದೆ ಚುಕ್ಕಿಯಿಟ್ಟು ಪ್ರಿಪೇರ್‌ಸ್ಟೇಟ್‌ಮೆಂಟ್ ಕರೆದು ಒಂದೇ ಸಾಲಿನಲ್ಲಿ ಮುಗಿಸಿದರೆ, ಮುಚ್ಚುವುದು ಸ್ಟೇಟ್‌ಮೆಂಟ್ ಮಾತ್ರ. ಕನೆಕ್ಷನ್ ಸೋರುತ್ತದೆ, ಕಂಪೈಲರ್ ಚಕಾರವೆತ್ತುವುದಿಲ್ಲ. ನೋಡಲು ಮಾತ್ರ ಅಚ್ಚುಕಟ್ಟಾದ ಕೋಡು!

ಕನೆಕ್ಷನ್ ಪೂಲ್ ಇದ್ದಾಗ ಕ್ಲೋಸ್ ಎಂದರೆ ಕನೆಕ್ಷನ್ನನ್ನು ಪೂಲಿಗೆ ಮರಳಿಸುವುದಷ್ಟೆ. ಹಿಕಾರಿಸಿಪಿ ಎಂಬ ಪೂಲಿನಲ್ಲಿ ಡಿಫಾಲ್ಟ್ ಗರಿಷ್ಠ 10. ಹತ್ತೂ ಮರಳದೆ ಉಳಿದರೆ ಹನ್ನೊಂದನೆಯ ಥ್ರೆಡ್ 30 ಸೆಕೆಂಡು ಕಾದು ಎಕ್ಸೆಪ್ಷನ್ ಪಡೆಯುತ್ತದೆ. ಆಗ ಬಹಳ ತಂಡಗಳು ಮೊದಲು ಮಾಡುವುದು 10ನ್ನು 50 ಮಾಡುವುದು. ತೂತು ಕೊಡ ಸೋರಿತೆಂದು ಇನ್ನೂ ದೊಡ್ಡ ತೂತು ಕೊಡ ತಂದಂತೆ. ಅಂಥ ಎರಡು ಸರ್ವರ್ ಸೇರಿದರೆ ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಮಿತಿಯಾದ 100 ಮುಗಿಯಿತು. ಸೋರಿಕೆ ಪತ್ತೆಯ ಸೆಟ್ಟಿಂಗನ್ನು ಹಿಕಾರಿ ಡಿಫಾಲ್ಟಾಗಿ ಆರಿಸಿಟ್ಟಿರುವುದು ನನಗೆ ಒಪ್ಪಿಗೆಯಿಲ್ಲ. ಆನ್ ಮಾಡಿದರೆ, ಬಹಳ ಹೊತ್ತು ಮರಳದ ಕನೆಕ್ಷನ್ ಪಡೆದ ಜಾಗದ ಸ್ಟ್ಯಾಕ್ ಟ್ರೇಸನ್ನು ಲಾಗಿನಲ್ಲಿ ಕೊಡುತ್ತದೆ, ಕನೆಕ್ಷನ್ನನ್ನು ಕಿತ್ತುಕೊಳ್ಳುವುದಿಲ್ಲ. ಟೆಸ್ಟಿಂಗಿನಲ್ಲಾದರೂ ಅದು ಆನ್ ಇರಬೇಕು.

ಆ ಲಾಗಿನಲ್ಲಿ ಸೋರಿಕೆಯಲ್ಲದ್ದೂ ಸಿಗುತ್ತದೆ. ಸ್ಪ್ರಿಂಗ್‌ನ ಟ್ರಾನ್ಸಾಕ್ಷನಲ್ ಮೆಥಡ್ಡಿನ ನಡುವೆ ಪೇಮೆಂಟ್ ಗೇಟ್‌ವೇಗೆ ಕರೆ ಕಳಿಸಿ, ಉತ್ತರ ಬರುವವರೆಗೂ ಕನೆಕ್ಷನ್ ಹಿಡಿದು ಕೂರುವ ಕೋಡು ಅಂಥದ್ದು. ಅಲ್ಲಿ ಎಲ್ಲವೂ ಕೊನೆಗೆ ಸರಿಯಾಗಿಯೇ ಮುಚ್ಚುತ್ತದೆ. ಗೇಟ್‌ವೇ ನಿಧಾನವಾದ ದಿನ ಹನ್ನೊಂದನೆಯ ಥ್ರೆಡ್ಡಿಗೆ ಸಿಗುವುದು ಮಾತ್ರ ಅದೇ ಎಕ್ಸೆಪ್ಷನ್.