ತಮಟೆ ಯಾರ ಹೆಗಲಿಗೆ?

ಏಪ್ರಿಲ್ 29 ನೃತ್ಯದ ದಿನ ಅಂತ ಜಗತ್ತೆಲ್ಲ ಆಚರಿಸುತ್ತದೆ. 1982ರಿಂದ ನಡೆದುಬಂದ ಪದ್ಧತಿ ಇದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಆ ಹೊತ್ತಿಗೆ ಯಾರೂ ಹೇಳದೆಯೇ ಊರೂರು ಕುಣಿಯುತ್ತಿರುತ್ತದೆ. ಯುಗಾದಿ ಕಳೆದು ಮಳೆ ಹಿಡಿಯುವ ತನಕ ಗ್ರಾಮದೇವತೆಗಳ ಹಬ್ಬ. ಕೆಂಪು ಸೋಮ, ಹಳದಿ ಸೋಮ ಅಂತ ಮರದ ದೊಡ್ಡ ಮುಖವಾಡ ಹೊತ್ತು, ಬೇವಿನ ಸೊಪ್ಪು ಕಟ್ಟಿ, ಬೆತ್ತ ಹಿಡಿದು ಕುಣಿಯುವವರು ಹೆಚ್ಚಾಗಿ ಗಂಗೆಮತಸ್ಥರು. ಮೆರವಣಿಗೆಯ ಮುಂದೆ ತಮಟೆ ಬಡಿಯುವವರು ನಮ್ಮ ಕೇರಿಯವರು. ಊರು ಹೆಜ್ಜೆ ಹಾಕುವುದು ನಮ್ಮ ಕೈಬಡಿತಕ್ಕೆ. ದೇವರು ಗುಡಿ ಸೇರಿದ ಮೇಲೆ ಆಚೆ ನಿಲ್ಲುವವರೂ ನಾವೇ.

ನೃತ್ಯದಿಂದ ಮಕ್ಕಳ ಮೈಮನಸ್ಸು ಅರಳುತ್ತದೆ, ಓದು ಹಗುರಾಗುತ್ತದೆ, ನಾಲ್ಕು ಜನರೊಡನೆ ಹೆಜ್ಜೆ ಹಾಕುವುದನ್ನು ಕಲಿಯುತ್ತಾರೆ ಅಂತ ವಿದ್ವಾಂಸರು ಹೇಳುತ್ತಾರೆ. ನಮ್ಮ ತಕರಾರಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯ ತನಕ ಕಲೆಯೂ ಒಂದು ಪಾಠವಾಗಲಿ ಅಂದಿತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ಕಲಿಕೆಯೊಳಗೆ ಬೆಸೆಯಿರಿ ಅಂದಿದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ನಾವು ಕೇಳುವುದು ಇಷ್ಟೇ: ಯಾರ ಕುಣಿತ? ಕಲಿಸುವ ಮೇಷ್ಟ್ರು ಯಾರು?

ಈ ಸೀಮೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಾವು ಕೆಲವರು ಹೋಗಿದ್ದೆವು. ಮೊದಲಿಗೆ ಭರತನಾಟ್ಯ. ಅದನ್ನು ಕಲಿಸಲು ಪಟ್ಟಣದಿಂದ ಸಂಬಳದ ಶಿಕ್ಷಕಿ ಬಂದಿದ್ದರು. ಆಮೇಲೆ ‘ಜಾನಪದ ನೃತ್ಯ’. ಸ್ಪೀಕರಿನಲ್ಲಿ ಹಾಡು, ಮಕ್ಕಳ ಹೆಗಲಲ್ಲಿ ಮಿಂಚುಕಾಗದ ಅಂಟಿಸಿದ ರಟ್ಟಿನ ತಮಟೆ. ಎಷ್ಟು ಬಡಿದರೂ ಸದ್ದಿಲ್ಲ. ನಿಜವಾದ ತಮಟೆ ಒಂದೇ ಒಂದಿತ್ತು. ಅದು ವೇದಿಕೆಯ ಮೇಲಲ್ಲ, ಮುಖ್ಯ ಅತಿಥಿಗಳನ್ನು ಬರಮಾಡಿಕೊಳ್ಳುವ ಗೇಟಿನ ಹತ್ತಿರ. ಅದನ್ನು ಹಿಡಿದು ನಿಂತಿದ್ದವನು ಒಂಬತ್ತನೇ ತರಗತಿಯ ನಮ್ಮ ಹುಡುಗ.

‘ನಿನ್ನನ್ನೇ ಯಾಕ್ಲಾ ಇಲ್ಲಿ ನಿಲ್ಲಿಸಿದ್ರು?’

‘ಸಾರ್ ಹೇಳಿದ್ರಣ್ಣ. ನಿಮಗೆ ರಕ್ತದಲ್ಲೇ ಐತಲ್ಲ, ನೀನೇ ಬಡಿ ಅಂದ್ರು.’

‘ಬಡಿಯೋಕೆ ಬರುತ್ತಾ?’

‘ಇಲ್ಲ. ನಮ್ಮಪ್ಪ ಕಲಿಸ್ಲೇ ಇಲ್ಲ. ಇದು ನನ್ ಕಾಲಕ್ಕೇ ಮುಗೀಲಿ ಅಂತಾನೆ.’

ಅಪ್ಪ ಹೆಗಲಿನಿಂದ ಇಳಿಸಿದ್ದನ್ನು ಶಾಲೆ ಮಗನ ಹೆಗಲಿಗೆ ಏರಿಸಿದೆ. ಮಿಕ್ಕವರ ಮಕ್ಕಳಿಗೆ ರಟ್ಟು, ನಮ್ಮ ಮಗುವಿಗೆ ಚರ್ಮ. ‘ರಕ್ತದಲ್ಲಿದೆ’ ಅನ್ನುವುದು ಹೊಗಳಿಕೆಯಂತೆ ಕೇಳಿಸುತ್ತದೆ, ಆದರೆ ಅದು ಮನುವಿನ ಮಾತು. ರಕ್ತದಲ್ಲೇ ಇದ್ದರೆ ಅದಕ್ಕೆ ಮೇಷ್ಟ್ರು ಬೇಡ, ಸಂಬಳ ಬೇಡ, ಅಂಕ ಬೇಡ. ಭರತನಾಟ್ಯಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳುಂಟು, ಯಾಕೆಂದರೆ ಅದು ವಿದ್ಯೆ. ನಮ್ಮದು ಹುಟ್ಟುಗುಣ!

ಹಾಗಂತ ಭರತನಾಟ್ಯವನ್ನು ಹಳಿಯುವ ಕೆಲಸ ನಮ್ಮದಲ್ಲ. ಅದೂ ನಿನ್ನೆ ಮೊನ್ನೆಯವರೆಗೆ ದೇವದಾಸಿಯರ ಸದಿರ್ ಆಗಿತ್ತು. ಆಗ ಅದು ಮರ್ಯಾದಸ್ಥರು ಮೂಗು ಮುರಿಯುವ ಆಟ. 1936ರಲ್ಲಿ ಮದರಾಸಿನಲ್ಲಿ ರುಕ್ಮಿಣೀದೇವಿ ಅರುಂಡೇಲ್ ಕಲಾಕ್ಷೇತ್ರ ಕಟ್ಟಿದರು. ಕುಣಿತ ಮೇಲ್ಜಾತಿಯ ಮನೆ ಸೇರಿ ಪವಿತ್ರವಾಯಿತು, ಅದನ್ನು ಕಾಪಾಡಿಕೊಂಡು ಬಂದ ಹೆಣ್ಣುಮಕ್ಕಳು ಬೀದಿಯಲ್ಲೇ ಉಳಿದರು. ಯಾವ ಹೆಜ್ಜೆಗೂ ಮೈಲಿಗೆಯಿಲ್ಲ. ಮೈಲಿಗೆ ಇರುವುದು ನೋಡುವವರ ಕಣ್ಣಲ್ಲಿ.

ನಾಟ್ಯಶಾಸ್ತ್ರ ತನ್ನನ್ನು ಪಂಚಮ ವೇದ ಅಂತ ಕರೆದುಕೊಳ್ಳುತ್ತದೆ. ಶೂದ್ರರು ವೇದ ಕೇಳಬಾರದು, ಆದ್ದರಿಂದ ಎಲ್ಲ ವರ್ಣಗಳಿಗೂ ಸಲ್ಲುವ ಇನ್ನೊಂದು ವೇದ ಬೇಕು ಅಂತ ಅದರ ಹುಟ್ಟಿನ ಕಥೆ. ಎಲ್ಲ ವರ್ಣ ಅಂದರೆ ನಾಲ್ಕು. ಪಂಚಮ ವೇದದಲ್ಲೂ ಪಂಚಮರಿಗೆ ಜಾಗವಿಲ್ಲ!

ಬಾಗಿಲು ತೆರೆದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ಕಡೂರಿನಲ್ಲೇ ಸಾಕ್ಷಿಯಿದೆ. ಅಲ್ಲಿನ ತಂಗಲಿ ತಾಂಡ್ಯದ ಲಂಬಾಣಿ ಮಗಳು ಕೆ. ವೆಂಕಟಲಕ್ಷಮ್ಮ. ಜಟ್ಟಿ ತಾಯಮ್ಮನವರ ಹತ್ತಿರ ಕಲಿತು ಮೈಸೂರು ಅರಮನೆಯ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಅದರ ಮೊದಲ ರೀಡರ್ ಅವರೇ. 1992ರಲ್ಲಿ ಪದ್ಮಭೂಷಣ ಬಂತು. ನಮಗೆ ಹೆಮ್ಮೆ. ಆದರೂ ಒಂದು ಮಾತು ಹೇಳಲೇಬೇಕು. ವಿಶ್ವವಿದ್ಯಾನಿಲಯದೊಳಗೆ ಹೋದದ್ದು ಆ ತಾಯಿ ಕಲಿತ ಅರಮನೆಯ ಕುಣಿತ, ತಾಂಡ್ಯದ ಕುಣಿತವಲ್ಲ.

ಈಗ ಆ ಹುಡುಗನ ಅಪ್ಪನ ಮಾತಿಗೆ ಬರೋಣ. ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಸಾವಿಗೆ ಬಡಿ, ಜಾತ್ರೆಗೆ ಬಡಿ, ಸಾರು ಹಾಕಲು ಬಡಿ. ಒಲ್ಲೆ ಅಂದರೆ ಬಹಿಷ್ಕಾರ. ಅದು ಕಲೆಯಲ್ಲ, ಬಿಟ್ಟಿ ಚಾಕರಿ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಸೆದ ತುತ್ತು ಬಿಡಿ ಅಂದರು. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಕಾಯ್ದೆಗೆ ಬಗ್ಗದ ರೂಢಿಗಳನ್ನು ಕೇರಿಯ ಅಪ್ಪಂದಿರು ತಾವೇ ಮುರಿಯುತ್ತಿದ್ದಾರೆ. ತಮಟೆ ಕೆಳಗಿಟ್ಟ ಕೈ ಹೇಡಿಯದಲ್ಲ.

ಇನ್ನೊಂದು ನೆನಪೂ ನಮಗಿದೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳ ಮುಂದೆ ಇದೇ ತಮಟೆ ಇತ್ತು. ಗೌಡರ ಅಪ್ಪಣೆಗೆ ಬಡಿದರೆ ಬಗ್ಗಿಸುವ ತಮಟೆ, ನಮ್ಮ ಇಷ್ಟಕ್ಕೆ ಬಡಿದರೆ ಎಬ್ಬಿಸುತ್ತದೆ. ತಪ್ಪಿರುವುದು ಚರ್ಮದಲ್ಲಲ್ಲ, ಅಪ್ಪಣೆಯಲ್ಲಿ.

ಅದರಲ್ಲಿ ಪಾಠವೇನಿದೆ ಅಂತ ಕೇಳುವ ಮೇಷ್ಟ್ರುಗಳು ಹಬ್ಬದ ರಾತ್ರಿ ತೋಟದ ಬದಿಗೆ ಬರಲಿ. ಮಂಜಿಗೆ ಚರ್ಮ ಸಡಿಲವಾಗುತ್ತದೆ. ಒಣಗಿದ ತೆಂಗಿನ ಗರಿಗೆ ಬೆಂಕಿ ಹಚ್ಚಿ ಕಾವು ಹಿಡಿದರೆ ತೇವ ಆರಿ ಬಿಗಿಯಾಗುತ್ತದೆ, ದನಿ ಏರುತ್ತದೆ. ಎಷ್ಟು ಕಾವು ಸಾಕು ಅನ್ನುವುದನ್ನು ಬೆರಳಿನಿಂದ ತಟ್ಟಿ ಕೇಳಿ ತಿಳಿಯಬೇಕು. ಇದು ವಿಜ್ಞಾನದ ಪಾಠವಲ್ಲದೆ ಇನ್ನೇನು? ಎರಡು ಕೈಗೆ ಎರಡು ಕೋಲು, ಎರಡು ಲೆಕ್ಕ. ಕಾಲಿಗೆ ಮೂರನೆಯ ಲೆಕ್ಕ. ಬಗ್ಗಿ, ಹಾರಿ, ತಿರುಗುವಾಗಲೂ ಪಕ್ಕದವನ ಬಡಿತ ಕಿವಿಯಲ್ಲಿರಬೇಕು. ಮದುವೆಯ ಬಡಿತ ಬೇರೆ, ಸಾವಿನ ಬಡಿತ ಬೇರೆ. ಇಷ್ಟನ್ನು ಕಲಿಯಲು ವರ್ಷಗಳು ಬೇಕು. ರಕ್ತ ಕಲಿಸುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ದಿಲ್ಲಿ ಒಪ್ಪಿದ ವಿದ್ಯೆಯನ್ನು ನಮ್ಮ ಹೋಬಳಿಯ ಶಾಲೆ ಗೇಟಿನ ಹತ್ತಿರ ನಿಲ್ಲಿಸುತ್ತದೆ.

ನಾವು ಕೇಳುವುದು ದಾನವಲ್ಲ. ತಮಟೆ ಕಲಿಸುವುದಾದರೆ ಎಲ್ಲ ಮಕ್ಕಳಿಗೂ ಕಲಿಸಿ. ಗೌಡರ ಮಗ, ಭಟ್ಟರ ಮಗಳು, ಶೆಟ್ಟರ ಮೊಮ್ಮಗ ಎಲ್ಲರ ಬೆರಳೂ ಆ ಚರ್ಮ ಮುಟ್ಟಲಿ. ಬಡಿಯಲು ಬಲ್ಲ ಕೇರಿಯ ಹಿರಿಯರನ್ನು ಮೇಷ್ಟ್ರು ಅಂತ ಕರೆದು, ಕುರ್ಚಿ ಕೊಟ್ಟು, ತಿಂಗಳ ಸಂಬಳ ಕೊಡಿ. ನಮ್ಮ ಹುಡುಗನಿಗೆ ಬೇಡ ಅನ್ನುವ ಹಕ್ಕಿರಲಿ. ಅವನು ಭರತನಾಟ್ಯ ಕಲಿಯುತ್ತೇನೆ ಅಂದರೆ ಅದಕ್ಕೂ ಬಾಗಿಲು ತೆರೆದಿರಲಿ.

ಇಷ್ಟಾದ ದಿನ ನೃತ್ಯದ ಹಬ್ಬಕ್ಕೆ ನಾವೂ ಬರುತ್ತೇವೆ, ಕಾಯಿಸಿದ ತಮಟೆ ತರುತ್ತೇವೆ. ಅಲ್ಲಿಯ ತನಕ ಆ ಅಪ್ಪನ ಮಾತೇ ನಮ್ಮ ಮಾತು.